ಮುಲುಂಡಿನಲ್ಲಿ ನಿಂತುಹೋದ ಮನೆಗಾಡಿ

ಕೊಲ್ಹಾಪುರದ ಆಚೆ

ನಮ್ಮ ಗಾಡಿ ಮೊದಲ ಸಲ ಹಟ ಹಿಡಿದದ್ದು ಕೊಲ್ಹಾಪುರ ದಾಟಿ, ಒಂದು ಪೆಟ್ರೋಲ್ ಪಂಪಿನ ಹಿಂದಿನ ಬಯಲಿನಲ್ಲಿ. ಬೆಳಿಗ್ಗೆ ಆರೂವರೆ. ನಮ್ಮವರು ಕೀಲಿ ತಿರುಗಿಸಿದರು. ಸ್ಟಾರ್ಟರ್ ಹುರುಪಿನಿಂದಲೇ ಗಿರಗಿರ ತಿರುಗಿತು, ಎಂಜಿನ್ ಮಾತ್ರ ಹತ್ತಲಿಲ್ಲ. ಎರಡನೆಯ ಸಲ, ಮೂರನೆಯ ಸಲ. ಐದನೆಯ ಸಲಕ್ಕೆ ಬೂದು ಹೊಗೆ ಕಾರಿ, ಇಡೀ ಮೈ ನಡುಗಿಸಿ ಎದ್ದಿತು. ಒಮ್ಮೆ ಎದ್ದ ಮೇಲೆ ತಕರಾರಿಲ್ಲ. ಚಹಾಕ್ಕೆಂದು ಅರ್ಧ ತಾಸು ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಹತ್ತುತ್ತಿತ್ತು. ಮರುದಿನ ಬೆಳಿಗ್ಗೆ ಲೋಣಾವಳದಲ್ಲಿ ಮತ್ತೆ ಅದೇ ಹಾಡು.

“ಮಲ್ಲೇಶಿ ಇದ್ದಾನಲ್ಲ, ನೋಡತಾನ ಬಿಡು,” ಎಂದರು ನಮ್ಮವರು.

ನಮ್ಮವರು, ಅಂದರೆ ಅರವಿಂದ, ಧಾರವಾಡದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ನಾನು ಕಾಲೇಜು ಗ್ರಂಥಾಲಯದಲ್ಲಿದ್ದೆ. ಇಬ್ಬರೂ ನಿವೃತ್ತರಾದ ಮೇಲೆ, ಶಾಲಾ ಮಕ್ಕಳನ್ನು ಹೊತ್ತು ಹಣ್ಣಾಗಿದ್ದ ಒಂದು ಡೀಸೆಲ್ ಮಿನಿಬಸ್ಸನ್ನು ಕೊಂಡೆವು. ಸೀಟು ಕಿತ್ತು ಎರಡು ಮಂಚ, ಒಂದು ಒಲೆ, ನೀರಿನ ಟಾಕಿ, ಪುಸ್ತಕಕ್ಕೊಂದು ಹಲಗೆ ಕೂಡಿಸಲು ಅವರಿಗೆ ಎರಡು ವರ್ಷ ಹಿಡಿಯಿತು. ಮನೆಗಾಡಿ ಎಂದು ನಾವೇ ಹೆಸರಿಟ್ಟೆವು. ಮುಂಬಯಿಗೆ ಹೋಗಿ, ಅಲ್ಲಿಂದ ಮಲ್ಲೇಶಿಯನ್ನು ಕೂಡಿಸಿಕೊಂಡು ಕಚ್ಛಕ್ಕೆ ಹೋಗುವುದು ಎಂಬುದು ಗಾಡಿ ಕೊಳ್ಳುವ ಮೊದಲೇ ಆದ ಮಾತು.

ಮಲ್ಲೇಶಿ ನಮ್ಮವರ ಓಣಿಯ ಗೆಳೆಯ. ಹತ್ತೊಂಬತ್ತಕ್ಕೆ ಮುಂಬಯಿ ಸೇರಿ, ನಲವತ್ತು ವರ್ಷ ಮೀನುದೋಣಿಗಳ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಿದವರು. ಈ ಬಸ್ಸು ಕೊಳ್ಳುವಾಗ ನಮ್ಮವರು ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದಿದ್ದರು. ಆ ಕಡೆಯಿಂದ ಮಲ್ಲೇಶಿ ಒಂದು ನಿಮಿಷ ಕೇಳಿ, “ತಗೋ. ಎದಿ ಗಟ್ಟಿ ಐತಿ ಇದರದು,” ಎಂದಿದ್ದರು.

ಆಮೇಲೆ ಅವರ ಫೋನು ಕಡಿಮೆಯಾಯಿತು. ಹೆಂಡತಿ ಗಿರಿಜಾ, “ಸ್ವಲ್ಪ ಮರವು ಆಗೇತಿ, ವೈನಿ. ನೀವು ಬರ್ರಿ. ಬಂದರ ಅವರಿಗೂ ಛಲೋ ಆಗತೈತಿ,” ಎಂದಿದ್ದಳು. ಸ್ವಲ್ಪ ಮರೆವು ಎಂದರೆ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಎಂದೇ ನಾವು ತಿಳಿದೆವು. ಆ ವಯಸ್ಸಿನಲ್ಲಿ ಯಾರಿಗಿಲ್ಲ?

ಮುಂಬಯಿಗೆ ಪಾಸ್‌ಪೋರ್ಟ್ ಬೇಕಿಲ್ಲ ನಿಜ. ಆದರೆ ಅರವತ್ತು ವರ್ಷ ಒಂದೇ ಊರಿನಲ್ಲಿ ಕಳೆದ ನನಗೆ ಅದಕ್ಕಿಂತ ದೂರದ ಪರದೇಶ ಇನ್ನೊಂದಿರಲಿಲ್ಲ.

ಮುಲುಂಡ್, ಶನಿವಾರ

ಮಲ್ಲೇಶಿಯವರ ಬಿಲ್ಡಿಂಗು ಗುಡ್ಡದ ಬುಡದ ಇಳಿಜಾರಿನಲ್ಲಿದೆ. ಗೇಟಿನಲ್ಲಿ ವಾಚ್‌ಮನ್ ತಡೆದ. ಬಿಲ್ಡಿಂಗಿನ ನಿವಾಸಿಗಳ ಸೊಸೈಟಿಯ ಸೆಕ್ರೆಟರಿ ಇಳಿದು ಬಂದರು. ಕಿಟಕಿಯಲ್ಲಿ ಇಣುಕಿ ಮಂಚ, ಒಲೆ, ತಂತಿಗೆ ಹಾಕಿದ್ದ ನನ್ನ ಒದ್ದೆ ಟವೆಲು ನೋಡಿದರು. “ಯೇ ಗಾಡೀ ಹೈ ಕಿ ಘರ್?” ಎಂದು ಗಂಭೀರವಾಗಿ ಕೇಳಿದರು. ಗಾಡಿಯಾದರೆ ಅತಿಥಿಗಳ ಜಾಗದಲ್ಲಿ ನಿಲ್ಲಬಹುದು. ಮನೆಯಾದರೆ ಕಮಿಟಿಯ ಒಪ್ಪಿಗೆ ಬೇಕು. ನಾವು ಗಾಡಿ ಎಂದೆವು. ಹಾಗಾದರೆ ಒಳಗೆ ಅಡುಗೆ ಮಾಡಕೂಡದು ಎಂದರು. ನಮ್ಮ ಓಣಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಒಳಗೆ ಹತ್ತಿ ಹಾಸಿಗೆ ಒತ್ತಿ ನೋಡಿರುತ್ತಿದ್ದರು. ಇಲ್ಲಿ ಕೈಚೀಲ ಹಿಡಿದು ಸ್ಟೇಶನ್ನಿನಿಂದ ಬರುತ್ತಿದ್ದವರು ಒಬ್ಬರೂ ತಲೆಯೆತ್ತಲಿಲ್ಲ.

ಮಲ್ಲೇಶಿ ಇಳಿದು ಬಂದು ನಮ್ಮವರನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಮೈ ಅರ್ಧವಾಗಿತ್ತು, ಕೈಗಳು ಮಾತ್ರ ಮೊದಲಿನಂತೆಯೇ ದಪ್ಪಗಿದ್ದವು.

“ವೈನಿ, ನಿಮ್ಮ ಅವ್ವಾರು ಹೆಂಗದಾರ?”

ನನ್ನ ಅವ್ವ ತೀರಿಕೊಂಡು ಎಂಟು ವರ್ಷ. ಆಗ ಮಲ್ಲೇಶಿ ಒಂದೇ ದಿನಕ್ಕೆಂದು ಮುಂಬಯಿಯಿಂದ ಬಂದು ಹೆಗಲು ಕೊಟ್ಟು ಹೋಗಿದ್ದರು. ನಾನು ಹೇಳಿದೆ. ಅವರ ಮುಖ ಬಾಡಿತು. “ಅಯ್ಯ, ಯಾವಾಗ? ನನಗ ಯಾರೂ ತಿಳಸಲಿಲ್ಲಲ್ಲ,” ಎಂದರು. ಊಟಕ್ಕೆ ಕೂತಾಗ ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ದುಃಖ. ಮೂರನೆಯ ಸಲ ನಾನು “ಆರಾಮ ಅದಾರ” ಎಂದುಬಿಟ್ಟೆ.

ಮಗಳು ರೂಪಾ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು. “ಕಾಕು, ಪಪ್ಪಾಗೆ ಯಾದ್ ನಹೀ ರಹತಾ. ಏನರೆ ತಪ್ಪು ಹೇಳಿದ್ರೆ... ಕರೆಕ್ಟ್ ಮತ್ ಕರೋ, ತಿದ್ದಬ್ಯಾಡ್ರಿ. ಗುಸ್ಸಾ ಬರತದ ಅವರಿಗೆ.” ಅವಳು ಬೆಳಿಗ್ಗೆ ಏಳರ ಲೋಕಲ್ ರೈಲು ಹಿಡಿದರೆ ಮನೆ ಸೇರುವುದು ರಾತ್ರಿಗೆ. ಹಗಲೆಲ್ಲ ಗಂಡನ ಹಿಂದೆ ಓಡಾಡುವವಳು ಗಿರಿಜಾ ಒಬ್ಬಳೇ. ಹೊರಬಾಗಿಲಿಗೆ ಒಳಗಿನಿಂದ ಮೂರು ಚಿಲಕ ಹಾಕಿಸಿದ್ದಳು.

ರವಿವಾರ ಬೆಳಿಗ್ಗೆ

ಇಳಿಜಾರಿನಲ್ಲಿ ಮೂಗು ಮೇಲೆ ಮಾಡಿ ನಿಂತ ಗಾಡಿ ಅಂದು ಹತ್ತು ಸಲ ತಿರುಗಿಸಿದರೂ ಏಳಲಿಲ್ಲ. ಆರನೆಯ ಮಹಡಿಯಿಂದ ಯಾರೋ “ಸಂಡೇ ಹೈ ಭಾಯಿ!” ಎಂದು ಕೂಗಿದರು. ಮಲ್ಲೇಶಿ ಬನಿಯನ್ನಿನಲ್ಲೇ ಇಳಿದು ಬಂದರು. ಹಿಂದೆ ಓಡಿಬಂದ ಗಿರಿಜಾಳ ಕೈಯಲ್ಲಿ ಅವರ ಅಂಗಿ ಇತ್ತು.

ಅವರು ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತರು. “ಹೊಡಿ,” ಎಂದರು. ನಮ್ಮವರು ಕೀಲಿ ತಿರುಗಿಸಿದರು.

“ಸಾಕು. ಸ್ಟಾರ್ಟರ್ ಛಲೋ ತಿರಗತೈತಿ. ಬ್ಯಾಟರಿ ಅಲ್ಲ. ಎಣ್ಣಿ ಬರವಲ್ದು. ನಿಂತಾಗ ಹವಾ ಹೊಕ್ಕು ಡೀಸೆಲ್ ಹಿಂದಕ್ಕ ಟಾಕಿಗೆ ಇಳೀತೈತಿ. ಟಾಕಿ ಕಡೆ ಪೈಪ್ ನೋಡ್ರಿ.”

ನಮ್ಮವರ ಮುಖ ಅರಳಿತು. ಅಷ್ಟರಲ್ಲಿ ಮಲ್ಲೇಶಿ ಗಾಡಿಯ ಸುತ್ತ ಒಂದು ಸುತ್ತು ಬಂದು, ನಮ್ಮನ್ನೇ ಕೇಳಿದರು: “ಛಂದ ಐತಿ. ಯಾರದಿದು?”

ಅದೊಂದು ಪ್ರಶ್ನೆಯೇ ಸಾಕಾಯಿತು. ಅದರ ಹಿಂದಿನ ಮಾತನ್ನೂ ನಾವು ಮನಸ್ಸಿನಿಂದ ಅಳಿಸಿಬಿಟ್ಟೆವು. ನಾನು ನಮ್ಮವರತ್ತ ನೋಡಿದೆ, ಅವರು ನೆಲ ನೋಡಿದರು. ಆ ಸಂಜೆಯೇ ಹೊಸ ಬ್ಯಾಟರಿ ತಂದು ಹಾಕಿದರು. ಸೋಮವಾರ ಬೆಳಿಗ್ಗೆ ಸ್ಟಾರ್ಟರ್ ಇನ್ನಷ್ಟು ಹುರುಪಿನಿಂದ ತಿರುಗಿತು. ಗಾಡಿ ಏಳಲಿಲ್ಲ.

ಸೋಮವಾರ, ಮಂಗಳವಾರ

ಸೋಮವಾರ ಮಲ್ಲೇಶಿ ತಾವಾಗಿ ಎದ್ದು, ತಾವಾಗಿ ಗಡ್ಡ ಮಾಡಿಕೊಂಡು, ಹಳೆಯ ಖಾಕಿ ಅಂಗಿ ತೊಟ್ಟು, ಮಂಚದ ಕೆಳಗಿನಿಂದ ಪಾನಾಗಳ, ಅಂದರೆ ಸ್ಪ್ಯಾನರುಗಳ, ಪೆಟ್ಟಿಗೆ ಎಳೆದು ನಿಂತರು. ಗಿರಿಜಾ ಬಾಗಿಲಲ್ಲಿ ಬೆರಗಾಗಿದ್ದಳು.

“ವರ್ಷ ಆತು ವೈನಿ, ಹಿಂಗ ತಾವಽ ಅಂಗಿ ಗುಂಡಿ ಹಾಕ್ಕೊಂಡು. ಮಾಡಲಿ ಬಿಡ್ರಿ.”

ಮಾಡಲಿ ಎಂದೆವು. ಅದು ತಪ್ಪೋ ಸರಿಯೋ ಇಂದಿಗೂ ನನಗೆ ಗೊತ್ತಿಲ್ಲ. ಅವರಿಗೆ ಹಿಂದಿನ ದಿನದ ಗಾಳಿಯ ಮಾತು ನೆನಪಿರಲಿಲ್ಲ. ಎಂಜಿನ್ನು ತಣ್ಣಗಿರುವಾಗ ಒಳಗೆ ಕಾವು ಕೊಡುವ ಕಡ್ಡಿಗಳು ಸುಟ್ಟಿವೆ ಎಂದು ಹೊರಟರು. ಅವನ್ನು ಬಿಚ್ಚಿದರು. ಸುಟ್ಟಿರಲಿಲ್ಲ. ಹಾಗಾದರೆ ಇಂಜೆಕ್ಟರು ಎಂದು ಅದಕ್ಕೆ ಡೀಸೆಲ್ ಒಯ್ಯುವ ನಾಲ್ಕು ಉಕ್ಕಿನ ಪೈಪು ಬಿಚ್ಚಿದರು. ಫಿಲ್ಟರು ಬಿಚ್ಚಿದರು. ಗಿರಿಜಾಳ ಊಟದ ತಾಟುಗಳಲ್ಲಿ ನಟ್ಟುಗಳನ್ನು ಸುತ್ತಲೂ ಒಪ್ಪವಾಗಿ ಜೋಡಿಸಿಟ್ಟರು. ಆ ದಿನ ಅವರು ಸೀಟಿ ಹಾಕುತ್ತಿದ್ದರು. ನಮ್ಮವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೇಳಿದ ಪಾನಾ ಎತ್ತಿ ಕೊಡುತ್ತಿದ್ದರು. ಇಬ್ಬರೂ ಒಂದೇ ಬಟ್ಟಲಿನಲ್ಲಿ ಚುರುಮುರಿ ತಿಂದರು.

ಮಂಗಳವಾರ ಬೆಳಿಗ್ಗೆ ಮಲ್ಲೇಶಿ ಕೆಳಗಿಳಿದು ಬಾನೆಟ್ ಎತ್ತಿದರು. ಬಹಳ ಹೊತ್ತು ನೋಡಿದರು. ಒಂದು ಬಾಗಿದ ಪೈಪನ್ನು ಕೈಗೆತ್ತಿಕೊಂಡು ಇಲ್ಲಿ ಹಿಡಿದರು, ಅಲ್ಲಿ ಹಿಡಿದರು. ಕೂಡಲಿಲ್ಲ. ಆಮೇಲೆ ಸರ್ರನೆ ತಿರುಗಿದರು.

“ಯಾವ ಮಂಗ್ಯಾ ಬಿಚ್ಚ್ಯಾನ ಇದನ್ನ?”

ಗಿರಿಜಾ ಬಾಯಿ ತೆರೆಯುವ ಮೊದಲೇ ನಮ್ಮವರು, “ನಾನಽ,” ಎಂದರು.

“ನಿನಗ ಏನ ತಿಳೀತೈತಿ? ಗೊಂಬಿ ಬರಿಯಾಂವ! ಗುರುತ ಮಾಡದ ಪೈಪ್ ಬಿಚ್ಚತಾರೇನು? ಮುಟ್ಟಬ್ಯಾಡ ಅಂದಿದ್ದಿಲ್ಲ ನಾ ನಿನಗ?” ಕೈಯಲ್ಲಿದ್ದ ಪೈಪನ್ನು ನೆಲಕ್ಕೆಸೆದರು. ತಾಟೊಂದು ಮಗುಚಿ ನಟ್ಟುಗಳು ಇಳಿಜಾರಿನಲ್ಲಿ ಗೇಟಿನವರೆಗೆ ಉರುಳಿದವು. ವಾಚ್‌ಮನ್ ಒಂದೊಂದನ್ನೇ ಹೆಕ್ಕಿ ತನ್ನ ಟೊಪ್ಪಿಗೆಯಲ್ಲಿ ತುಂಬಿಕೊಂಡು ತಂದುಕೊಟ್ಟ.

ನಮ್ಮವರು ಬೈಗಳನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಹಾಗೆ ಸುಮ್ಮನೆ ಬೈಸಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಮಾಟುಂಗ, ಬುಧವಾರ

ಇನ್ನು ಬೇರೆ ಮೆಕ್ಯಾನಿಕ್ ಹುಡುಕಬೇಕಾಯಿತು. ರೂಪಾ, “ಮಾಟುಂಗದಲ್ಲಿ ಅಪನೇ ಲೋಗ್, ಕನ್ನಡದವರು ಇದ್ದಾರೆ, ಪೂಛೋ ನಾ,” ಎಂದಳು. ಸ್ಲೋ ಲೋಕಲ್ ಹಿಡಿದು ಹೋದೆವು. ಹೆಂಗಸರ ಡಬ್ಬಿಯಲ್ಲಿ ನಾನು ಕೂತು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಒಬ್ಬಾಕೆ ಬಗ್ಗಿ, ಎಲ್ಲಿ ಇಳಿಯುತ್ತೀರಿ ಎಂದು ಕೇಳಿದಳು. ನಮ್ಮ ಬಸ್ಸಿನಲ್ಲಿ ಯಾರಾದರೂ ಹಾಗೆ ಕೇಳಿದರೆ ಅದರ ಹಿಂದೆ ಯಾರ ಮನೆಯವರು, ಮಕ್ಕಳೆಷ್ಟು ಎಂಬುದೆಲ್ಲ ಬರುತ್ತದೆ. ಇವಳಿಗೆ ನನ್ನ ಸೀಟು ಬೇಕಿತ್ತು, ಅಷ್ಟೆ. ಮಾಟುಂಗ ಎಂದೆ. ತಲೆಯಾಡಿಸಿ ನನ್ನ ಮೊಣಕಾಲಿಗೆ ತಾಗಿ ನಿಂತಳು. ಆಮೇಲೆ ನಿಂತಲ್ಲೇ ಕಣ್ಣು ಮುಚ್ಚಿದಳು. ಸುತ್ತಲೂ ನೋಡಿದೆ. ಹತ್ತರಲ್ಲಿ ಆರು ಹೆಂಗಸರು ನಿಂತೇ ನಿದ್ದೆ ಮಾಡುತ್ತಿದ್ದರು. ತಮ್ಮ ಸ್ಟೇಶನ್ನು ಬಂದಾಗ ಮಾತ್ರ ಹೇಗೋ ತಿಳಿದು ಕಣ್ಣು ತೆರೆಯುತ್ತಿದ್ದರು.

ಮಾಟುಂಗದ ಉಡುಪಿ ಹೋಟೆಲಿನಲ್ಲಿ ಗುರುತಿಲ್ಲದ ನಾಲ್ವರ ಜೊತೆ ಒಂದೇ ಟೇಬಲ್ಲಿಗೆ ಕೂರಿಸಿದರು. ನಮ್ಮವರು ಇಡ್ಲಿ ಮುಟ್ಟಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮುದುಕರು ನಮ್ಮ ಮಾತು ಕೇಳಿ, “ಧಾರವಾಡದವರಾ? ಎಂತ, ಇಡ್ಲಿ ಸರಿ ಇಲ್ವಾ?” ಎಂದರು. ಸಂಗತಿ ಹೇಳಿದೆವು. ಅವರ ಭಾವಮೈದುನ ಶೇಖರ ಎಂಬವನಿಗೆ ಜೋಗೇಶ್ವರಿಯಲ್ಲಿ ಗ್ಯಾರೇಜಿತ್ತು. ಅಲ್ಲೇ ಫೋನು ಹಚ್ಚಿ, ಮರುದಿನ ಗಾಡಿ ಎಳೆದೊಯ್ಯುವ ಕ್ರೇನು ಕಳಿಸುವಂತೆ ಹೇಳಿಬಿಟ್ಟರು.

ಜೋಗೇಶ್ವರಿ

ಗುರುವಾರ ಕ್ರೇನು ಬಂದು ಮನೆಗಾಡಿಯ ಮೂಗನ್ನು ಸರಪಳಿಗೆ ಕಟ್ಟಿ ಎತ್ತಿತು. ಒಳಗೆ ಪಾತ್ರೆಗಳು ಹಿಂದಕ್ಕೆ ಜಾರಿ ಬಿದ್ದ ಸದ್ದಾಯಿತು. ಮಲ್ಲೇಶಿ ಎರಡನೆಯ ಮಹಡಿಯ ಗ್ರಿಲ್ಲಿನ ಹಿಂದೆ ನಿಂತು ನೋಡುತ್ತಿದ್ದರು. ನಮ್ಮವರು ಕೈ ಬೀಸಿದರು. ಅವರು ಬೀಸಲಿಲ್ಲ.

ಶೇಖರನ ಗ್ಯಾರೇಜು ಇದ್ದ ಗಲ್ಲಿಯಲ್ಲಿ ಒಂದು ಕಡೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಯಂತ್ರ, ಇನ್ನೊಂದು ಕಡೆ ಕಬ್ಬಿಣ ಕಡೆಯುವ ಲೇತು. ಮಾತಾಡಬೇಕಾದರೆ ಕಿವಿಯ ಹತ್ತಿರ ಹೋಗಬೇಕು. ಶೇಖರ ಐವತ್ತರ ಆಸುಪಾಸಿನ, ಸಾವಧಾನದ ಮನುಷ್ಯ. ನಾವು ಚೀಲದಲ್ಲಿ ತಂದ ಪೈಪು, ನಟ್ಟು ನೋಡಿ, “ಎಂತ ಮಾರಾಯ್ರೆ ಇದು, ಇಷ್ಟೆಲ್ಲ ಬಿಚ್ಚಿದ್ದು ಯಾರು?” ಎಂದ.

“ನಾನಽ,” ಎಂದರು ನಮ್ಮವರು, ಇಲ್ಲೂ.

ಸಂಜೆಯೊಳಗೆ ಅವನು ಎಲ್ಲವನ್ನೂ ಕೂಡಿಸಿದ. ಕೈಪಂಪು ಒತ್ತಿ ಡೀಸೆಲ್ ತುಂಬಿಸಿ ಕೀಲಿ ತಿರುಗಿಸಿದರೆ ತಕ್ಷಣ ಹತ್ತಿತು. ನಮ್ಮವರು ಮುಗಿಯಿತೆಂದು ಏಳಹೊರಟರು. ಅವನು ಕೂರಿಸಿದ. “ಇದು ರೋಗ ಅಲ್ಲ, ಬಿಚ್ಚಿದ್ದನ್ನು ಜೋಡಿಸಿದ್ದು ಮಾತ್ರ. ರಾತ್ರಿ ಇಡೀ ಇಲ್ಲೇ ನಿಲ್ಲಲಿ. ಬೆಳಿಗ್ಗೆ ನಾನು ಬರುವವರೆಗೆ ಯಾರೂ ಕೀಲಿ ಮುಟ್ಟಬೇಡಿ.”

ಶುಕ್ರವಾರ ಬೆಳಿಗ್ಗೆ ಅವನು ಮೊದಲು ಕೀಲಿ ತಿರುಗಿಸಿದ. ಹಳೆಯ ಹಟವೇ. ನಿಲ್ಲಿಸಿ, ಫಿಲ್ಟರಿನ ಮೇಲಿನ ಕೈಪಂಪನ್ನು ಇಪ್ಪತ್ತು ಸಲ ಒತ್ತಿದ. ಮತ್ತೆ ತಿರುಗಿಸಿದ. ಒಂದೇ ಏಟಿಗೆ ಹತ್ತಿತು.

“ನೋಡಿ, ಗೊತ್ತಾಯ್ತಲ್ಲ. ರಾತ್ರಿ ನಿಂತಾಗ ಎಲ್ಲಿಂದಲೋ ಗಾಳಿ ಒಳಗೆ ಹೋಗ್ತದೆ. ಲೈನಲ್ಲಿದ್ದ ಡೀಸೆಲ್ ವಾಪಸ್ ಟ್ಯಾಂಕಿಗೆ ಹೋಗ್ತದೆ. ಬೆಳಿಗ್ಗೆ ಎಂಜಿನ್ ಅದನ್ನು ಅಲ್ಲಿಂದ ಎಳೆದು ತರಬೇಕು, ಅದಕ್ಕೇ ತಡ.”

ಫಿಲ್ಟರಿಗೆ ಬರುವ ದಾರಿಯಲ್ಲಿ ಗಾಜಿನಂಥ ತೆಳು ಪೈಪಿನ ತುಂಡು ಸೇರಿಸಿ ನಮಗೆ ತೋರಿಸಿದ. ಡೀಸೆಲಿನ ಜೊತೆ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಓಡುತ್ತಿದ್ದವು. ಆಮೇಲೆ ಗಾಡಿಯ ಕೆಳಗೆ ತೆವಳಿ, ಟಾಕಿಯ ಪಕ್ಕದಿಂದ ಗೇಣುದ್ದದ ರಬ್ಬರು ಪೈಪು ಕತ್ತರಿಸಿ ತಂದ. ಪಟ್ಟಿ ಬಿಗಿದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು. ಬಗ್ಗಿಸಿದರೆ ಮಾತ್ರ ಕಾಣುತ್ತಿತ್ತು.

ನಾನು ನಮ್ಮವರ ಮುಖ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ನಾನೇ ಶೇಖರನಿಗೆ ಹೇಳಿದೆ, ಇದನ್ನು ಒಬ್ಬರು ರವಿವಾರವೇ, ಬಾನೆಟ್ ಎತ್ತದೆ, ಬರೀ ಅಂಗೈ ಇಟ್ಟು ಹೇಳಿದ್ದರು ಎಂದು.

“ಮತ್ತೆ ಅವರ ಮಾತು ಯಾಕೆ ಕೇಳಲಿಲ್ಲ ನೀವು?” ಎಂದ ಶೇಖರ. ಆಕ್ಷೇಪಣೆಯೇನಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ನಮ್ಮವರು ಆ ಸೀಳಿದ ಪೈಪನ್ನು ಎತ್ತಿ ನನ್ನ ಚೀಲದಲ್ಲಿಟ್ಟರು. ಅವನು ಕೈ ಒರೆಸಿಕೊಂಡು ಹೊಸ ಪೈಪು ತರಲು ಹೋದ.

ಮತ್ತೆ ಮುಲುಂಡ್

ಶೇಖರ ಇನ್ನೊಂದು ಬೆಳಿಗ್ಗೆ ಪರೀಕ್ಷಿಸಿ ನೋಡಿ, ಶನಿವಾರ ಗಾಡಿ ಬಿಟ್ಟುಕೊಟ್ಟ. ನಮ್ಮವರದು ದಾರಿಯುದ್ದಕ್ಕೂ ಒಂದೇ ಮಾತು. ಮಲ್ಲ್ಯಾಗ ಮೊದಲು ಹೇಳಬೇಕು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು.

“ಮಲ್ಲ್ಯಾ, ನೀ ಹೇಳಿದ್ದಽ ಖರೇ ಆತು. ಟಾಕಿ ಕಡೆ ಪೈಪ್ ಸೀಳಿತ್ತು. ಹವಾ ಹೊಗತಿತ್ತು.”

“ನಾ ಯಾವಾಗ ಹೇಳೀನಿ?”

“ರವಿವಾರ. ಬಾನೆಟ್ ಮ್ಯಾಲೆ ಕೈ ಇಟ್ಟು ಹೇಳಿದಿ. ಇವಳೂ ಇದ್ದಳು.”

ಮಲ್ಲೇಶಿ ನನ್ನನ್ನು ನೋಡಿದರು, ಮತ್ತೆ ಅವರನ್ನು ನೋಡಿದರು. ಬೇಸರದ ನಗೆಯೊಂದು ಬಂತು.

“ಸಾಲ್ಯಾಗ ಹುಡುಗರಿಗೂ ಹಿಂಗಽ ಹೇಳತಿದ್ದೇನು? ಚಿತ್ರ ಕೆಟ್ಟರೂ ಛಂದ ಬರದಿ ಅಂತ?”

“ದೇವರಾಣಿ, ನೀನಽ ಹೇಳಿದ್ದು.”

“ಬಿಡು ಅರವಿಂದಾ. ಈಗ ಎಲ್ಲಾರೂ ನನ್ನ ಜೋಡಿ ಹಿಂಗಽ ಮಾತಾಡತಾರ. ನೀನೂ ಬ್ಯಾಡ.”

ನಾನು ಚೀಲದಿಂದ ಆ ಕತ್ತರಿಸಿದ ಪೈಪು ತೆಗೆದುಕೊಟ್ಟೆ. ಅವರು ಎರಡು ಹೆಬ್ಬೆರಳಿನಿಂದ ಬಗ್ಗಿಸಿ, ಸೀಳು ಬಾಯಿಬಿಟ್ಟಾಗ ಬೆಳಕಿಗೆ ಹಿಡಿದು ನೋಡಿದರು. ನಿಧಾನಕ್ಕೆ ತಲೆಯಾಡಿಸಿದರು.

“ಇದನ್ನ ಹುಡುಕೋದು ಸರಳಿಲ್ಲ. ಯಾಂವ ಹುಡುಕ್ಯಾನೋ, ಛಲೋ ಮೆಕ್ಯಾನಿಕ್ ಅದಾನಾಂವ.”

ನಮ್ಮವರು ಎದ್ದು ಗ್ಯಾಲರಿಗೆ ಹೋಗಿ ನಿಂತರು.

ಅಡುಗೆಮನೆಯಲ್ಲಿ ಗಿರಿಜಾ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಿಗೆ ನಿಲ್ಲಿಸದೆ ಕೇಳಿದಳು.

“ಗಾಡಿ ಸರಿ ಆತಲ್ಲ, ವೈನಿ. ಕರಕೊಂಡು ಹೋಗ್ತೀರಲ್ಲ ಅವರನ್ನ? ಕಚ್ಛದ ತನಕ ಬ್ಯಾಡ. ಎಂಟು ದಿನ. ನಾಕು ದಿನ ಆದರೂ ಸಾಕು.”

ಆಗ ನನಗೆ ತಿಳಿಯಿತು. ಬರ್ರಿ ಬರ್ರಿ ಎಂದು ಅವಳು ಫೋನಿನಲ್ಲಿ ಕರೆದದ್ದು, ಮರೆವನ್ನು ಸ್ವಲ್ಪ ಎಂದದ್ದು, ಎಲ್ಲ ಈ ನಾಲ್ಕು ದಿನಕ್ಕಾಗಿ. ನಾನು ಹೆದ್ದಾರಿ ನೆನೆದೆ. ಡಾಬಾದ ಅಂಗಳದಲ್ಲಿ ಬೆಳಿಗ್ಗೆ ಎದ್ದು ಮಲ್ಲೇಶಿ ಯಾವ ದಿಕ್ಕಿಗಾದರೂ ನಡೆದುಬಿಡುವುದನ್ನು ನೆನೆದೆ. ನಮ್ಮ ಗಾಡಿಯ ಬಾಗಿಲಿಗೆ ಇರುವುದು ಒಂದೇ ಚಿಲಕ.

“ಆಗೂದಿಲ್ಲ ಗಿರಿಜಾ. ನಮ್ಮಿಬ್ಬರ ಕೈಲೆ ಆಗೂದಿಲ್ಲ.”

ಲಟ್ಟಣಿಗೆ ನಿಂತಿತು. “ಹೂಂ,” ಎಂದಳು. “ನಿಮಗ ಪೂರ್ತಿ ಹೇಳಿದ್ದರ ನೀವು ಬರತಿದ್ದಿಲ್ಲ ಅಂತ ಹೇಳಲಿಲ್ಲ.” ಮತ್ತೆ ಲಟ್ಟಿಸತೊಡಗಿದಳು. ಚಪಾತಿ ಯಾವಾಗಿನಂತೆ ದುಂಡಗೇ ಬಂದವು.

ಹೊರಡುವ ದಿನ

ರವಿವಾರ ರೂಪಾಗೆ ರಜೆ. ಅಪ್ಪನ ಜೊತೆ ಅವಳು ಕೂತಳು. ಗಿರಿಜಾ ನಮಗೆ ಬುತ್ತಿ ಕೊಡಲೆಂದು ಕೆಳಗಿಳಿದು ಬಂದಳು. ಇಷ್ಟು ದಿನ ಗಾಡಿ ಅವಳ ಕಿಟಕಿಯ ಕೆಳಗೇ ನಿಂತಿದ್ದರೂ ಅದರ ಒಳಗೆ ಅವಳು ಒಮ್ಮೆಯೂ ಬಂದಿರಲಿಲ್ಲ.

“ಒಂದೀಟು ನೋಡಲೇನು?”

ಒಲೆ ಮುಟ್ಟಿದಳು, ಹಲಗೆಯ ಪುಸ್ತಕ ಮುಟ್ಟಿದಳು. ಕಚ್ಛಕ್ಕೆಂದು ಮಲ್ಲೇಶಿಗಾಗಿ ಹೊಸ ಹಾಸಿಗೆ ಹೊಲಿಸಿದ್ದೆವು. ಆ ಮಂಚದ ತುದಿಗೆ ಕೂತಳು. “ಮೆತ್ತಗ ಐತಿ,” ಎಂದು ಒಂದು ನಿಮಿಷ ಅಡ್ಡಾದಳು. ನಾನು ಬುತ್ತಿಯ ಡಬ್ಬಿಯನ್ನು ಮೂಲೆಗಿಟ್ಟು ತಿರುಗುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಚಪ್ಪಲಿ ಕಾಲಲ್ಲೇ ಇದ್ದವು.

ನಾನು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ನಮ್ಮವರು ಕೀಲಿ ಕೈಯಲ್ಲಿ ಹಿಡಿದು ಸೀಟು ಹತ್ತಲು ಸಿದ್ಧರಾಗಿದ್ದರು. ಬೇಡ ಎಂದು ಕೈ ಮಾಡಿದೆ. ಇಬ್ಬರೂ ಗೇಟಿನ ಕಟ್ಟೆಯ ಮೇಲೆ ಕೂತೆವು. ಸೆಕ್ರೆಟರಿ ಬಂದು, ಇನ್ನೂ ಹೊರಟಿಲ್ಲವೇ, ಮತ್ತೆ ಸ್ಟಾರ್ಟಿಂಗ್ ತೊಂದರೆಯೇ ಎಂದು ಹಿಂದಿಯಲ್ಲಿ ಕೇಳಿದರು. ಹೌದು ಎಂದರು ನಮ್ಮವರು. ಹಾಲಿನವನು ಹೋದ, ಪೇಪರಿನವನು ಹೋದ. ಬಿಸಿಲು ನಮ್ಮ ಕಾಲಿನಿಂದ ಮಡಿಲಿಗೆ ಏರಿತು. ಮೇಲಿನಿಂದ ರೂಪಾ ಎರಡು ಸಲ ಫೋನು ಮಾಡಿದಳು, ಬರುತ್ತಾಳೆ ಎಂದೆ.

ಎರಡು ತಾಸಿನ ಮೇಲೆ ಬಾಗಿಲು ತೆರೆಯಿತು. ಗಿರಿಜಾ ಗಾಬರಿಯಿಂದ ಕೂದಲು ಕಟ್ಟಿಕೊಳ್ಳುತ್ತ ಇಳಿದಳು. ಹಾಸಿಗೆಯ ಹೊದಿಕೆಯನ್ನು ಸುಕ್ಕಿಲ್ಲದಂತೆ ಎಳೆದು ಬಂದಿದ್ದಳು.

“ಭಾಳ ಹೊತ್ತಾತೇನು?”

“ಇಲ್ಲ, ಈಗಽ.”

ಅವಳು ಬಿಸಿಲು ನೋಡಿದಳು. ನನ್ನ ಕೈ ಹಿಡಿದು ಮೆಲ್ಲಗೆ, “ರೂಪಾಗ ಹೇಳಬ್ಯಾಡ್ರಿ, ನಿದ್ದಿ ಹತ್ತಿತ್ತು ಅಂತ,” ಎಂದು ಹೇಳಿ ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ಮುಚ್ಚಿದ ಸದ್ದು, ಅದರ ಹಿಂದೆ ಮೂರು ಚಿಲಕ ಬಿದ್ದ ಸದ್ದು ಕೆಳಗಿನವರೆಗೂ ಕೇಳಿಸಿತು.

ನಮ್ಮವರು ಕೀಲಿ ತಿರುಗಿಸಿದರು. ಒಂದೇ ಏಟಿಗೆ ಹತ್ತಿತು. ರಸ್ತೆ ಕವಲೊಡೆಯುವಲ್ಲಿ ಗುಜರಾತಿನ ಕಡೆ ಬಾಣ ತೋರಿಸುವ ಫಲಕ ಕಂಡಿತು. ನಮ್ಮವರು ಗಾಡಿಯನ್ನು ಬಂದ ದಾರಿಗೆ, ಊರಿನತ್ತ, ಪುಣೆಯ ಕಡೆ ತಿರುಗಿಸಿದರು.